ಗ್ರೀನ್‌ಫರ್ಡ್ ಮೇಲಿನ ಕೆಂಪು ಗುರುತು

ಶಾಂತಕ್ಕ ಆ ದಿನ ನಿಜವಾಗಿ ಏನು ಹೇಳಿದರು ಎಂಬುದು ನನಗೆ ಖಚಿತವಿಲ್ಲ. 2006ರ ಬೇಸಿಗೆಯ ಒಂದು ಶನಿವಾರ, ಗ್ರೀನ್‌ಫರ್ಡಿನ ಅವರ ಮನೆಬಾಗಿಲಲ್ಲಿ ಅವರು, ನಾನು, ನನ್ನ ಹೆಂಡತಿ ಸುಮಾ ನಿಂತಿದ್ದೆವು. ಅವರು ನಕ್ಕದ್ದು ನೆನಪಿದೆ. ನಕ್ಕ ಮೇಲೆ ಆಡಿದ ಮಾತಿನ ಬಗ್ಗೆ ನನಗೂ ಸುಮಾಳಿಗೂ ವರ್ಷಗಟ್ಟಲೆ ಜಗಳ ನಡೆದಿದೆ.

ಆಗ ನಾವು ವಿದೇಶದಲ್ಲಿ, ಗ್ರೀನ್‌ಫರ್ಡಿಗೆ ಹತ್ತಿರದ ಪಿನ್ನರ್ ಬಡಾವಣೆಯಲ್ಲಿ ಬಾಡಿಗೆಗಿದ್ದೆವು. ಆಫೀಸಿನಲ್ಲಿ ಪ್ರೋಗ್ರಾಂ ಬರೆದು ಬಂದವನು ಮನೆಯಲ್ಲೂ ಸುಮ್ಮನೆ ಕೂರದೆ ಏನಾದರೊಂದು ಕೆದಕುತ್ತಿದ್ದೆ. ಆ ವರ್ಷದ ಹುಚ್ಚು ಮ್ಯಾಶಪ್. ಬೇರೆ ಬೇರೆ ವೆಬ್‌ಸೈಟುಗಳಲ್ಲಿರುವ ಮಾಹಿತಿಯನ್ನು ಎಳೆದು ತಂದು ಒಂದೇ ಪುಟದಲ್ಲಿ ಬೆರೆಸಿ ತೋರಿಸುವುದಕ್ಕೆ ಆ ಹೆಸರು.

ನಾನು ಬೆರೆಸಿದ್ದು ಮೂರನ್ನು. ಕನ್ನಡಿಗರ ಒಂದು ವೆಬ್‌ಸೈಟಿನಲ್ಲಿ ಸಣ್ಣ ಜಾಹೀರಾತುಗಳಿದ್ದವು. ‘ಮನೆಯಲ್ಲಿ ಬಡಿದ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಫೋನ್ ಮಾಡಿ’ ಎಂಬ ಶಾಂತಕ್ಕನ ಸಾಲೂ ಅಲ್ಲಿತ್ತು; ವಿಳಾಸವಿರಲಿಲ್ಲ. ಇನ್ನೊಂದು ಕಡೆ ಯುಗಾದಿ ಊಟಕ್ಕೆ ಅಡುಗೆ ಮಾಡಲು ಒಪ್ಪಿದವರ ಪಟ್ಟಿಯಿತ್ತು, ಹೆಸರು, ಫೋನ್, ಪೋಸ್ಟ್‌ಕೋಡ್ ಸಮೇತ; ಅಲ್ಲಿ ಒಂದು ಪೋಸ್ಟ್‌ಕೋಡ್ ಅಂದರೆ ಒಂದು ಬೀದಿಯ ಹತ್ತಿಪ್ಪತ್ತು ಮನೆ ಅಷ್ಟೇ. ಮೂರನೆಯದು ಪುಕ್ಕಟೆ ಸಿಗುವ ನಕ್ಷೆ. ನನ್ನ ಪ್ರೋಗ್ರಾಂ ಎರಡೂ ಕಡೆಯ ಫೋನ್ ನಂಬರ್ ಹೋಲಿಸಿ, ಶಾಂತಕ್ಕನ ಬೀದಿಯ ಮೇಲೆ ಒಂದು ಕೆಂಪು ಗುರುತು ನೆಟ್ಟಿತು. ಪಕ್ಕದಲ್ಲಿ ‘ರೊಟ್ಟಿ’ ಎಂದು ಬರೆಯಿತು.

ಒಂದು ಭಾನುವಾರ ಗೆಳೆಯರ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ತೋರಿಸಿದೆ. “ಏನ್ ತಲೆ ಗುರೂ ನಿಂದು!” ಎಂದರು. ನಾನು ಉಬ್ಬಿಹೋಗಿ, ಅಂದೇ ಆ ಪುಟವನ್ನು ಎಲ್ಲರೂ ನೋಡುವಂತೆ ಇಂಟರ್ನೆಟ್ಟಿಗೆ ಏರಿಸಿದೆ. ಶಾಂತಕ್ಕನನ್ನು ಮಾತ್ರ ಕೇಳಿರಲಿಲ್ಲ. ಎಲ್ಲವೂ ಆಗಲೇ ಬಹಿರಂಗವಾಗಿತ್ತಲ್ಲ, ನಾನು ಜೋಡಿಸಿದೆ ಅಷ್ಟೇ ಎಂದುಕೊಂಡಿದ್ದೆ.

ಶಾಂತಕ್ಕ ಧಾರವಾಡ ಕಡೆಯವರು. ಗಂಡನಿಗೆ ಗೋದಾಮಿನಲ್ಲಿ ಪಾಳಿ ಕೆಲಸ. ಬಾಡಿಗೆ ಮನೆಯಲ್ಲಿ ವ್ಯಾಪಾರ ಮಾಡಬಾರದೆಂದು ಮಾಲೀಕನ ಕರಾರಿತ್ತು. ಹಾಗಾಗಿ ಅವರು ಫೋನಿನಲ್ಲಿ ವಿಚಾರಿಸಿ, ಗುರುತಿನವರ ಗುರುತಿನವರಿಗಷ್ಟೇ ವಿಳಾಸ ಹೇಳುತ್ತಿದ್ದರು. ಇದು ನನಗೆ ಆಮೇಲೆ ತಿಳಿಯಿತು.

ಆ ಶನಿವಾರ ರೊಟ್ಟಿ ತರಲು ಹೋದಾಗ ಶಾಂತಕ್ಕ, “ಬಾ ತಮ್ಮಾ, ನಿನ್ನ ನಕ್ಷಾ ಭಾರೀ ಆತು ನೋಡು. ನಿನ್ನೆ ಮತ್ತ ಇಬ್ಬರು ಬಂದು ಮಗ್ಗಲ ಮನಿ ಬಾಗಲಾ ಬಡದು ರೊಟ್ಟಿ ಕೇಳ್ಯಾರ. ಆ ಮುದುಕಿ ಏನ್ ಕೊಟ್ಟಾಳೋ ಏನೋ!” ಎಂದು ನಕ್ಕರು.

“ಬ್ರೆಡ್ ಕೊಟ್ಟಿರ್ತಾರೆ ಬಿಡಿ ಅಕ್ಕಾ” ಎಂದೆ. ನನ್ನ ನೆನಪು ಇಲ್ಲಿಗೆ ಮುಗಿಯುತ್ತದೆ.

ಪಕ್ಕದ ಮನೆಯ ಮುದುಕಿ ಶಾಂತಕ್ಕನ ಮನೆ ಮಾಲೀಕನಿಗೆ ದೂರು ಕೊಟ್ಟಳು. ಮುಂದಿನ ವಾರವೇ ಶಾಂತಕ್ಕನಿಗೆ ಮನೆ ಬಿಡಬೇಕೆಂದು ಪತ್ರ ಬಂತು. ಸುದ್ದಿ ಕೇಳಿದ ಕೂಡಲೇ ಗುರುತನ್ನು ಅಳಿಸಿದೆ. ಅದಕ್ಕೆ ಹಿಡಿದದ್ದು ಒಂದು ನಿಮಿಷ.

“ತೆಗೆದುಬಿಡಪ್ಪ ಅಂತ ಅವತ್ತೇ ಹೇಳಿದ್ರು ಕಣ್ರೀ. ನೀವು ತಲೆನೂ ಆಡಿಸಿದ್ರಿ” ಎಂದಳು ಸುಮಾ.

“ಹೇಳಿದ್ರೆ ನಂಗೆ ನೆನಪಿರ್ತಿರ್ಲಿಲ್ವಾ?” ಎಂದೆ. ಯಾರು ಏನು ಹೇಳಿದರೂ ಸಾಕ್ಷಿ ಕೇಳುವುದು ಕಾಲೇಜಿನಿಂದಲೂ ನನಗಂಟಿದ ಚಾಳಿ. ಸುಮಾಳ ಬಳಿ ಸಾಕ್ಷಿ ಇರಲಿಲ್ಲ.

ಎರಡು ವರ್ಷಗಳ ನಂತರ ಅದೇ ನಗರದ ಇನ್ನೊಂದು ತುದಿಯ ಈಸ್ಟ್ ಹ್ಯಾಮ್‌ನಲ್ಲಿ ಸೀರೆ ಅಂಗಡಿಯೊಂದರ ಮುಂದೆ ಶಾಂತಕ್ಕ ಸಿಕ್ಕರು. ಅಲ್ಲೇ ಹತ್ತಿರ ಒಂದು ಕೋಣೆಯಲ್ಲಿದ್ದರು. “ಅಡಗಿಮನಿ ನಾಕ್ ಸಂಸಾರಕ್ಕ ಒಂದ ಐತಿ. ರೊಟ್ಟಿ ಬಡಿದ್ರ ಮ್ಯಾಲಿನವರು ಕಾಲಿಲೆ ನೆಲಾ ಬಡೀತಾರ. ಬಿಟ್ಟೇಬಿಟ್ಟೆ” ಎಂದರು. ಕ್ಷಮೆ ಕೇಳಬೇಕೆಂದೇ ಬಾಯಿ ತೆರೆದೆ. ಹೊರಬಂದದ್ದು ಬೇರೆ: “ನೀವು ಒಂದ್ ಮಾತು ಹೇಳಿದ್ರೆ ಅವತ್ತೇ ತೆಗೀತಿದ್ದೆ ಅಕ್ಕಾ.”

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ “ಹೋಗ್ಲಿ ಬಿಡು ತಮ್ಮಾ” ಎಂದು ಕೈಚೀಲ ಎತ್ತಿಕೊಂಡು ಹೊರಟರು. ಆ ನೋಟದ ಅರ್ಥ ಆಗ ನನಗಾಗಲಿಲ್ಲ. ಮತ್ತೆ ಅವರು ಸಿಗಲಿಲ್ಲ.

ಈಚೆಗೆ ಮನೆ ಬದಲಿಸುವಾಗ ಹಳೆಯ ಹಾರ್ಡ್ ಡಿಸ್ಕ್ ಸಿಕ್ಕಿತು. ಆ ನಕ್ಷೆಯ ಕೆಳಗೆ ತಪ್ಪುಗಳನ್ನು ತಿಳಿಸಲು ಒಂದು ಪೆಟ್ಟಿಗೆ ಇಟ್ಟಿದ್ದೆ. ಅದರೊಳಗೆ ಬಂದದ್ದೆಲ್ಲ ಡಿಸ್ಕಿನಲ್ಲಿ ಹಾಗೇ ಉಳಿದಿತ್ತು. ಶಾಂತಕ್ಕ ಗಂಡನ ಕೈಲಿ ಬರೆಸಿದ ಒಂದು ಸಾಲು: ‘ತಮ್ಮಾ, ನಮ್ಮ ಮನಿ ಗುರುತು ತಗದುಬಿಡು, ಮಾಲಕಗ ಗೊತ್ತಾದ್ರ ಕಷ್ಟ ಐತಿ.’ ಬಂದದ್ದು ಆ ಶನಿವಾರಕ್ಕೆ ಎರಡು ದಿನ ಮೊದಲು. ಅದರ ಕೆಳಗೆ ಅದೇ ಸಂಜೆ ನಾನು ಕಳಿಸಿದ ಉತ್ತರವೂ ಇತ್ತು: ‘ಖಂಡಿತ ಅಕ್ಕಾ. ಶನಿವಾರ ರೊಟ್ಟಿಗೆ ಬರ್ತೀನಲ್ಲ, ಅಷ್ಟರಲ್ಲಿ ತೆಗೆದಿರ್ತೀನಿ.’