ಅಂಟು ಹಾಕಿದ ವಾಡೆ

ನಮ್ಮ ಮನೆಗೆ ಮೊದಲ ಸಲ ಬಂದವರು ಹಾಲ್‌ನ ಗಾಜಿನ ಕಪಾಟಿನಲ್ಲಿರುವ ಆಟಿಕೆ ಮನೆಗಳನ್ನು ನೋಡಿ ಕೇಳುವ ಪ್ರಶ್ನೆ ಒಂದೇ: "ಮಕ್ಕಳು ಎಷ್ಟನೇ ಕ್ಲಾಸು?" ಮಕ್ಕಳಿಲ್ಲ, ಅವೆಲ್ಲ ನನ್ನವು ಎಂದರೆ ಅವರ ಮುಖ ಒಂದು ಥರ ಆಗುತ್ತದೆ. ಆಮೇಲೆ ಒಂದು "ಪಾಪ" ಬರುತ್ತದೆ. ಬಾಯಲ್ಲಿ ಹೇಳದಿದ್ದರೂ ಕಣ್ಣಲ್ಲಿ ಬರುತ್ತದೆ. ನನ್ನ ಗಂಡನ ಗೆಳೆಯರೊಬ್ಬರು ಚಿಕ್ಕ ಚಿಕ್ಕ ಕಾರುಗಳನ್ನು ಕೂಡಿಡುತ್ತಾರೆ. ಅವರಿಗೆ ಮೂವರು ಮಕ್ಕಳು, ಆದರೆ ಆ ಕಾರು ಮುಟ್ಟಲು ಒಬ್ಬರಿಗೂ ಅಪ್ಪಣೆಯಿಲ್ಲ. ಅದನ್ನು ಎಲ್ಲರೂ ಹವ್ಯಾಸ ಅನ್ನುತ್ತಾರೆ. ಐವತ್ತರ ಹತ್ತಿರ ಬಂದ ಹೆಂಗಸು ವಿಮಾ ಕಚೇರಿಯಲ್ಲಿ ಇಡೀ ದಿನ ಕ್ಲೇಮು ನೋಡಿ, ಮನೆಗೆ ಬಂದು ಪ್ಲಾಸ್ಟಿಕ್ ಇಟ್ಟಿಗೆ ಜೋಡಿಸುತ್ತ ಕೂತರೆ ಮಾತ್ರ ಜನಕ್ಕೆ ಅದಕ್ಕೊಂದು ದುಃಖದ ಕಾರಣ ಬೇಕು. ಅಂಥ ಕಾರಣವೇನೂ ಇಲ್ಲ. ಜೋಡಿಸುವುದು ನನಗೆ ಇಷ್ಟ, ಅಷ್ಟೆ.

ಮೊದಮೊದಲು ಡಬ್ಬಿಯ ಮೇಲಿನ ಚಿತ್ರದಂತೆಯೇ ಕಟ್ಟುತ್ತಿದ್ದೆ. ಒಂದು ದೀಪಸ್ತಂಭ, ಒಂದು ಹೂವಿನಂಗಡಿ, ಪರದೇಶದ ಯಾವುದೋ ಬೀದಿ. ಬರಬರುತ್ತ ಅದು ಸಪ್ಪೆ ಅನಿಸಿತು. ಎಲ್ಲಿಯದೋ ಬೀದಿ ನಾನೇಕೆ ಕಟ್ಟಬೇಕು? ಬಿಡಿ ಇಟ್ಟಿಗೆ ಮಾರುವವರನ್ನು ಹುಡುಕಿ, ಕಂದು ಮತ್ತು ಬೂದು ಬಣ್ಣದವನ್ನು ಸ್ವಲ್ಪ ಸ್ವಲ್ಪವೇ ತರಿಸಿ, ನಾವಿರುವ ಪುಣೆಯದೇ ಒಂದು ವಾಡೆ, ಹಳೆ ಕಾಲದ ದೊಡ್ಡ ಮನೆ, ಕಟ್ಟಲು ಕೂತೆ. ನಡುವೆ ಅಂಗಳ, ಸುತ್ತ ಪಡಸಾಲೆ, ಮರದ ಕಂಬ. ಇಂಥದೇ ವಾಡೆ ಅಂತ ಮನಸ್ಸಿನಲ್ಲಿರಲಿಲ್ಲ.

ಅತ್ತೆ ಅಲ್ಲಿಯವರೆಗೆ ನನ್ನ ಇಟ್ಟಿಗೆಗಳನ್ನು ಕಂಡರೆ ಮೂಗು ಮುರಿಯುತ್ತಿದ್ದರು. ಕಾಲಿಗೆ ಚುಚ್ಚುತ್ತವೆ, ಕಸಬರಿಗೆಗೆ ಸಿಗುತ್ತವೆ, ದೇವರ ಮುಂದೆ ಕೂಡ ಒಂದು ಬಿದ್ದಿತ್ತು. ಅಂದು ಚಹಾದ ಕಪ್ಪು ಹಿಡಿದು ನನ್ನ ಮೇಜಿನ ಹತ್ತಿರ ನಿಂತರು.

"ಏನದು?"

"ವಾಡೆರಿ, ಅತ್ತಿ."

"ವಾಡೆ ಅಂದ್ರ ಬಾವಿ ಎಲ್ಲಿ ಅದ? ಬಾವಿ ಇಲ್ಲದ ವಾಡೇದಾಗ ಮಂದಿ ಹೆಂಗ ಇರ್ತಾರ?"

ಅವರು ಬಾಗಲಕೋಟೆ ಕಡೆಯಿಂದ ಮದುವೆಯಾಗಿ ಬಂದು ಇಳಿದದ್ದು ಹಳೆ ಪೇಟೆಯ ಒಂದು ವಾಡೆಗೆ. ಮಾವನವರು ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತರು. ಮೇಲಿನ ಅಂತಸ್ತಿನಲ್ಲಿ ಬಾಡಿಗೆಗೆ ಒಂದು ಖೋಲಿ, ಅದರ ಮೂಲೆಯಲ್ಲೇ ಒಲೆ. ನನ್ನ ಗಂಡ ಹುಟ್ಟಿದ್ದು ಅಲ್ಲೇ. ಆ ವಾಡೆಯನ್ನು ಕೆಡವಿ ಎತ್ತರದ ಕಟ್ಟಡ ಎಬ್ಬಿಸಿ ಎಷ್ಟೋ ಕಾಲವಾಗಿದೆ. ಕೆಡವಿದ ಮೇಲೆ ಅತ್ತೆ ಆ ಗಲ್ಲಿಗೆ ಕಾಲಿಟ್ಟಿಲ್ಲ. ಮನೆಯಲ್ಲಿ ಅದರದೊಂದು ಫೋಟೊ ಕೂಡ ಇಲ್ಲ.

ಅವತ್ತಿನಿಂದ ನನ್ನ ವಾಡೆ ಅವರ ವಾಡೆಯಾಯಿತು. ಊಟವಾದ ಮೇಲೆ ಎದುರು ಕುರ್ಚಿ ಎಳೆದುಕೊಂಡು ಕೂರುವರು. "ಜಿನಾ ಬಲಕ್ಕ ಅಲ್ಲ, ಎಡಕ್ಕ" ಎಂದರೆ ನಾನು ಮೆಟ್ಟಿಲನ್ನು ಪೂರ್ತಿ ಬಿಚ್ಚಿ ಎಡಕ್ಕೆ ತರಬೇಕು. "ಮಾಲಕರ ಝೋಪಾಳಾ ಇಷ್ಟ ಸಣ್ಣದು ಇರಲಿಲ್ಲ. ಅದರಾಗ ಅವರ ದಪ್ಪ ಹೇಣ್ತಿ ಕೂಡ್ತಿದ್ದಳು." ಉಯ್ಯಾಲೆ ದೊಡ್ಡದಾಗಬೇಕು. ಬಾವಿ, ನಲ್ಲಿ ಇದ್ದ ಜಾಗ, ತುಳಸಿಕಟ್ಟೆ, ಹಿಡಿದುಕೊಂಡು ಹತ್ತಲು ಮೆಟ್ಟಿಲ ಪಕ್ಕ ಇಳಿಬಿಟ್ಟ ಹಗ್ಗ. ನಾನು ಕಟ್ಟುತ್ತಿದ್ದೆ, ಬಿಚ್ಚುತ್ತಿದ್ದೆ, ಮತ್ತೆ ಕಟ್ಟುತ್ತಿದ್ದೆ. ಈ ಆಟದ ಜೀವವೇ ಅದು. ಯಾವ ಇಟ್ಟಿಗೆಯೂ ಎಲ್ಲಿಯೂ ಕಾಯಂ ಆಗಿ ಇರುವುದಿಲ್ಲ. ಇಂದು ಕಂಬವಾದದ್ದು ನಾಳೆ ಹೊಸ್ತಿಲಾಗಬಹುದು. ಚಾವಣಿ ಎತ್ತಿದರೆ ಮೇಲಿನ ಖೋಲಿಗಳು ಕಾಣುವಂತೆ, ಆ ಅಂತಸ್ತನ್ನೂ ಎತ್ತಿದರೆ ಕೆಳಗಿನ ಪಡಸಾಲೆ ಕಾಣುವಂತೆ ಮಾಡಿದ್ದೆ. ಅತ್ತೆ ದಿನಾ ಬೆಳಿಗ್ಗೆ ಎರಡೂ ಕೈಯಿಂದ ಚಾವಣಿ ಎತ್ತಿ, ತಮ್ಮ ಖೋಲಿ ನೋಡಿ, ಮತ್ತೆ ಮುಚ್ಚಿ, ಆಮೇಲೆ ಸ್ನಾನಕ್ಕೆ ಹೋಗುತ್ತಿದ್ದರು.

ಗಣಪತಿ ಹಬ್ಬ ಬಂತು. ನಾವಿರುವುದು ಕೊಂಢವಾ ಬಡಾವಣೆಯ ಒಂದು ಫ್ಲ್ಯಾಟು ಸೊಸೈಟಿಯಲ್ಲಿ. ಆ ವರ್ಷದ ಮಂಟಪಕ್ಕೆ ಹಳೆಯ ಪುಣೆ ಅನ್ನುವ ವಿಷಯ ಇಟ್ಟುಕೊಂಡಿದ್ದರು. ನಮ್ಮ ಮನೆಯ ವಾಡೆಯ ಸುದ್ದಿ ಯಾರಿಂದಲೋ ತಿಳಿದು ಸೆಕ್ರೆಟರಿ ಬಂದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಮಾತು ಬಲು ನಯ. "ವಹಿನಿ, ಗಣಪತಿಯ ಪಕ್ಕದಲ್ಲಿ ಇಡುತ್ತೇವೆ, ಕೊಡಿ" ಎಂದು ಮರಾಠಿಯಲ್ಲಿ, ಅತ್ತಿಗೆ ಅಂತ ಕರೆದು, ಕೇಳಿದರು. ಯಾರೂ ಮುಟ್ಟಬಾರದು, ಪಕ್ಕದಲ್ಲಿ ನನ್ನ ಮತ್ತು ಅತ್ತೆಯ ಹೆಸರು ಬರೆದ ಚೀಟಿ ಇರಬೇಕು ಎಂದೆ. ಎಲ್ಲದಕ್ಕೂ ತಲೆಯಾಡಿಸಿದರು. ಹೆಸರು ಹಾಕುತ್ತಾರೆ ಎಂದು ಕೇಳಿ ಅತ್ತೆ ನಾಚಿಕೊಂಡು ಒಳಗೆ ಹೋದರು.

ಹಿಂದಿನ ದಿನವೇ ವಾಡೆಯನ್ನು ಅದರ ಹಲಗೆ ಸಮೇತ ಕೊಟ್ಟು ಕಳಿಸಿದೆವು. ಪ್ರತಿಷ್ಠಾಪನೆಯ ಸಂಜೆ ನಾನೂ ಗಂಡನೂ ಕೆಳಗಿಳಿದೆವು. ವಾಡೆ ಇತ್ತು. ಅದರ ಮುಂದೆ ಬಣ್ಣದ ಕಾಗದದ ಫಲಕವೂ ಇತ್ತು. ಅದರ ಮೇಲೆ ದೊಡ್ಡ ಮರಾಠಿ ಅಕ್ಷರಗಳಲ್ಲಿ, ನಮ್ಮ ಸೊಸೈಟಿಯ ಪುಟ್ಟ ಮಕ್ಕಳ ಕಲೆ ಎಂದು ಬರೆದಿತ್ತು.

ಸೆಕ್ರೆಟರಿಯನ್ನು ಕರೆದು ಕೇಳಿದೆ. ಅವರು ನಕ್ಕರು. "ಖೇಳಣಂಚ ತರ್ ಆಹೆ, ವಹಿನಿ." ಆಟಿಕೆ ತಾನೇ, ಅಂದರು. ಮಕ್ಕಳು ಮಾಡಿದ್ದು ಅಂದರೆ ನೋಡುವವರಿಗೆ ಖುಷಿಯಾಗುತ್ತದೆ, ದೊಡ್ಡವರ ಹೆಸರು ಹಾಕಿದರೆ ಜನ ಏನೇನೋ ಕೇಳುತ್ತಾರೆ, ನಿಮಗೇ ಸಂಕೋಚ ಅಲ್ಲವೇ ಎಂದು ನನ್ನ ಪರವಾಗಿ ತಾವೇ ಸಂಕೋಚಪಟ್ಟರು.

ನನ್ನ ಮೈ ಉರಿಯಿತು. ನನಗೆ ಯಾವ ಸಂಕೋಚವೂ ಇಲ್ಲ, ಫಲಕ ತೆಗೆಯಿರಿ ಎಂದೆ. ತೆಗೆಯೋಣ ತೆಗೆಯೋಣ ಎಂದು ಅತ್ತ ಹೋದರು. ಅಷ್ಟರಲ್ಲಿ ನೆರೆಯ ಕಟ್ಟಡದ ಹೆಂಗಸೊಬ್ಬರು ಒಳಗೆ ಹೇಗಿದೆ ನೋಡಬಹುದೇ ಎಂದು ಕೇಳಿದರು. ತೋರಿಸೋಣವೆಂದು ಚಾವಣಿಗೆ ಕೈ ಹಾಕಿದೆ. ಅದು ಮೇಲೇಳಲಿಲ್ಲ. ಇನ್ನೊಂದು ಬದಿಯಿಂದ ಎತ್ತಿ ನೋಡಿದೆ. ಬಗ್ಗಿ ನೋಡಿದರೆ ಸಂದಿಗಳ ಉದ್ದಕ್ಕೂ ಬೆಳ್ಳಗೆ ಒಣಗಿದ ಗೆರೆ. ಚಾವಣಿಗೆ, ಮೆಟ್ಟಿಲಿಗೆ, ಕಂಬಗಳಿಗೆ, ಕೊನೆಗೆ ಉಯ್ಯಾಲೆಗೂ ಅಂಟು ಹಾಕಿದ್ದರು. ಒಮ್ಮೆ ಹಿಡಿದರೆ ಬಿಡದ, ನಿಮಿಷದಲ್ಲಿ ಒಣಗುವ ಅಂಟು.

"ಗಟ್ಟಿ ಮಾಡಿಸಿದ್ದೀವಿ, ವಹಿನಿ. ಇನ್ನು ಯಾರು ಕೆಡವಿದರೂ ಒಡೆಯೋದಿಲ್ಲ!" ಸೆಕ್ರೆಟರಿ ಉಪಕಾರ ಮಾಡಿದವರಂತೆ ಹೇಳಿದರು.

ನಾನು ಕೂಗಾಡಿದೆ. ಆರತಿಗೆ ನೆರೆದವರೆಲ್ಲ ತಿರುಗಿ ನೋಡಿದರು. ಯಾರನ್ನು ಕೇಳಿ ಹಾಕಿದಿರಿ? ನಿಮ್ಮ ಮನೆಯ ಬಾಗಿಲಿಗೆ ನಾನು ಬಂದು ಅಂಟು ಹಾಕಲೇ? ಸೆಕ್ರೆಟರಿಯ ನಗು ಹಾಗೇ ಇತ್ತು. ಗಂಡ ನನ್ನ ತೋಳು ಹಿಡಿದು, "ಹೋಗ್ಲಿ ಬಿಡು. ಹಬ್ಬದಾಗ ಜಗಳಾ ಬ್ಯಾಡ" ಎಂದರು. ಆ ಮಾತಿಗೆ ನನಗೆ ಸೆಕ್ರೆಟರಿಗಿಂತ ಅವರ ಮೇಲೆಯೇ ಹೆಚ್ಚು ಸಿಟ್ಟು ಬಂತು. ಹಬ್ಬ ಸೆಕ್ರೆಟರಿಗೂ ಇರಲಿಲ್ಲವೇ? ಹಬ್ಬದಲ್ಲಿ ಇನ್ನೊಬ್ಬರ ವಸ್ತು ಹಾಳು ಮಾಡಬಹುದು, ಕೇಳುವುದು ಮಾತ್ರ ತಪ್ಪೋ?

ಅತ್ತೆಗೆ ಹೇಳದೆ ವಿಧಿಯಿರಲಿಲ್ಲ. ಮರುದಿನ ಬೆಳಿಗ್ಗೆ ಇಳಕಲ್ ಸೀರೆ ಉಟ್ಟು, ಕೋಲು ಹಿಡಿದು ಲಿಫ್ಟಿನ ಮುಂದೆ ನಿಂತಿದ್ದರು. ಕೆಳಗೆ ಹೋಗಿ ಮೊದಲು ಗಣಪತಿಗೆ ಕೈ ಮುಗಿದರು. ಆಮೇಲೆ ವಾಡೆಯ ಚಾವಣಿಗೆ ಎರಡೂ ಕೈ ಹಾಕಿ ಎತ್ತಲು ನೋಡಿದರು. ಬರಲಿಲ್ಲ. ಅಲ್ಲೇ ಇದ್ದ ಸೆಕ್ರೆಟರಿ ಓಡಿ ಬಂದು, "ಆಜಿ, ಹೊಸ ಡಬ್ಬಿ ತರಿಸಿಕೊಡೋಣ, ಬೇಜಾರಾಗಬೇಡಿ" ಎಂದರು. ಅತ್ತೆ ಮರಾಠಿಯಲ್ಲಿ ಶುರು ಮಾಡಿದವರು ಸಿಟ್ಟಿನ ಭರಕ್ಕೆ ಕನ್ನಡಕ್ಕೆ ಇಳಿದುಬಿಟ್ಟರು.

"ಡಬ್ಬಿ ಯಾಂವ ಕೇಳ್ಯಾನ? ಇದರಾಗ ನನ್ನ ಖೋಲಿ ಅದ. ನಾ ಹಡದದ್ದು ಈ ಖೋಲ್ಯಾಗ. ಖರೇ ವಾಡೆ ಕೆಡವಿದಾಗ ಯಾರೂ ನನ್ನ ಕೇಳಲಿಲ್ಲ, ಬಾಡಿಗಿ ಮಂದಿ ನಾವು. ಇದು ನನ್ನ ಸೊಸಿ ಕಟ್ಟಿದ್ದು. ಇದಕ್ಕ ಕೈ ಹಚ್ಚಾಕ ನಿನಗ ಯಾರು ಹೇಳಿದರು? ಸಣ್ಣ ಮಕ್ಕಳು ಕಟ್ಯಾರ ಅಂತ ಬರೀತಿ! ಕರಿ, ಯಾವ ಮಗು ಕಟ್ಯದ, ಕರಿ ಇಲ್ಲೆ!"

ಸೆಕ್ರೆಟರಿಗೆ ಒಂದು ಮಾತೂ ತಿಳಿಯಲಿಲ್ಲ, ಆದರೆ ನಗು ಹೋಯಿತು. ಮಾತು ತಿಳಿದದ್ದು ನನ್ನ ಗಂಡನಿಗೆ. ಅವರು ನನ್ನ ಕಡೆ ನೋಡಲಿಲ್ಲ. ಮುಂದೆ ಹೋಗಿ ಫಲಕ ಕಿತ್ತು ಬದಿಗಿಟ್ಟು, ವಾಡೆಯ ಹಲಗೆಯ ಒಂದು ತುದಿ ಹಿಡಿದರು. "ಆ ಕಡೆ ಹಿಡಿ" ಎಂದರು. ದರ್ಶನಕ್ಕೆ ನಿಂತ ಜನ ದಾರಿ ಬಿಟ್ಟರು. ನಾವಿಬ್ಬರೂ ಅದನ್ನು ಹೊತ್ತುಕೊಂಡು, ಹಿಂದೆ ಅತ್ತೆ ಕೋಲೂರುತ್ತ, ಮನೆಗೆ ಬಂದೆವು.

ಮಧ್ಯಾಹ್ನದೊಳಗೆ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಬಂತು: ಕೆಲವರು ಒಂದು ಆಟಿಕೆಗಾಗಿ ದೇವರ ಅಲಂಕಾರ ಕೆಡಿಸಿದರು. ನಾನು ನಡೆದದ್ದನ್ನೆಲ್ಲ ಬರೆದು, ಅಂಟಿನ ಗೆರೆಗಳ ಫೋಟೊ ಹಾಕಿದೆ. ಉತ್ತರವಾಗಿ ಬಂದದ್ದು ಸಾಲು ಸಾಲು ಜೋಡಿಸಿದ ಕೈಗಳ ಚಿತ್ರ. ಒಬ್ಬರೂ ತಪ್ಪಾಯಿತು ಅನ್ನಲಿಲ್ಲ. ಮೇಲಿನ ಮನೆಯವರು ಮಾತ್ರ ಬಂದು, ನೀವು ಮಾಡಿದ್ದು ಸರಿ ಎಂದು ಮೆಲ್ಲಗೆ ಹೇಳಿ, ಇದನ್ನು ಗುಂಪಿನಲ್ಲಿ ಹೇಳಬೇಡಿ ಎಂದೂ ಹೇಳಿ ಹೋದರು.

ವಾಡೆಯನ್ನು ಬಿಸಿ ನೀರಲ್ಲಿ ಇಟ್ಟು ನೋಡಿದೆ, ದಾರ ಹಾಕಿ ಕೊಯ್ದು ನೋಡಿದೆ, ತೆಳು ಚಾಕುವಿನಿಂದ ಎಬ್ಬಿಸಿ ನೋಡಿದೆ. ಚಾವಣಿ ಬಂದದ್ದು ಚೂರಾಗಿಯೇ. ಅತ್ತೆಯ ಖೋಲಿಯ ಒಂದು ಗೋಡೆ ಅದರ ಜೊತೆಗೇ ಕಿತ್ತು ಬಂತು. ಆ ಕಂದು ಇಟ್ಟಿಗೆ ಈಗ ಸುಲಭಕ್ಕೆ ಸಿಗುವುದೂ ಇಲ್ಲ. ಹೊಸದು ಕಟ್ಟುತ್ತೇನೆ ಎಂದೆ. ಅತ್ತೆ ಬೇಡ ಅಂದರು. "ಎರಡೆರಡು ಸಲ ಬಿದ್ದದ್ದು ನೋಡಿದೆ. ಸಾಕು."

ಕಳೆದ ತಿಂಗಳು ಲಿಫ್ಟಿನಲ್ಲಿ ಸೆಕ್ರೆಟರಿ ಸಿಕ್ಕರು. ಏನೂ ಆಗಿಲ್ಲವೆಂಬಂತೆ, "ವಹಿನಿ, ಈ ಸಲ ಗಣಪತಿಗೆ ಏನು?" ಎಂದರು. ನಾನು ಮಧ್ಯದ ಮಹಡಿಯಲ್ಲೇ ಇಳಿದುಬಿಟ್ಟೆ. ಗಂಡ ಈಗಲೂ ಹೇಳುತ್ತಾರೆ, ಇಷ್ಟು ದಿನ ಸಿಟ್ಟು ಇಟ್ಟುಕೊಂಡರೆ ಆರೋಗ್ಯಕ್ಕೆ ಒಳ್ಳೆಯದಲ್ಲ ಅಂತ. ಇರಬಹುದು. ತಪ್ಪಾಯಿತು ಅನ್ನುವ ಎರಡು ಸೆಕೆಂಡಿನ ಮಾತು ಆಡಲು ಆ ಮನುಷ್ಯನಿಗೆ ಆಗದಿದ್ದರೆ, ಸಿಟ್ಟು ಬಿಡುವ ಕೆಲಸ ನನ್ನದೊಂದೇ ಏಕಾಗಬೇಕು? ಅವತ್ತು ಮೆಟ್ಟಿಲು ಹತ್ತಿ ಮನೆ ಸೇರುವಷ್ಟರಲ್ಲಿ ಏದುಸಿರು ಬಂದಿತ್ತು. ಅತ್ತೆ ಬಾಗಿಲು ತೆಗೆದು, ಲಿಫ್ಟ್ ಕೆಟ್ಟಿದೆಯೇನು ಎಂದು ಕೇಳಿದರು. ಇಲ್ಲ, ಅದರೊಳಗೆ ಸೆಕ್ರೆಟರಿ ಇದ್ದರು ಎಂದೆ. "ಛಲೋ ಮಾಡಿದಿ" ಎಂದು ನೀರು ತರಲು ಒಳಗೆ ಹೋದರು.