ಮೋಹನ ಕುಡಿಯುತ್ತಿದ್ದ ಮೊದಲ ಲೋಟ

ಕಿಕ್ಕೇರಿಯ ಮೋಹನ್ ಕುಮಾರ್ ಮರಗೆಲಸದವನು, ನನ್ನ ಬಾಲ್ಯದ ಗೆಳೆಯ. ಹೋದ ತಿಂಗಳು ತೀರಿಕೊಂಡ. ಮಂಚ ಮಾಡಿದರೆ ತಾನೇ ಮೊದಲು ಅದರ ಮೇಲೆ ಕುಳಿತು ಎದ್ದು, ಆಮೇಲೆ ಗಿರಾಕಿಗೆ ಒಪ್ಪಿಸುವುದು ಅವರ ಮನೆತನದ ರೂಢಿ.

ಆರು ವರ್ಷದ ಹಿಂದೆ ಅಂಗಡಿಯ ಮರದ ಹೊಟ್ಟನ್ನು ಚೀಲಗಳಿಗೆ ತುಂಬಿ ರೇಷಿ ಎಂಬ ಔಷಧದ ಅಣಬೆ ಬೆಳೆಯತೊಡಗಿದ. ಅದು ಮರದಷ್ಟೇ ಗಟ್ಟಿ. ಸೀಳಿ ಒಣಗಿಸಿ ಕುದಿಸಿದರೆ ಮುಖ ಕಿವಿಚುವಷ್ಟು ಕಹಿ. ನಾನು ವಿಜ್ಞಾನದ ಮೇಷ್ಟ್ರು. ಅದರಲ್ಲಿರುವ ಬೀಟಾ ಗ್ಲೂಕಾನ್ ಎಂಬ ಅಂಶ ರೋಗನಿರೋಧಕ ಶಕ್ತಿಗೆ ಒತ್ತಾಸೆಯಾಗಬಹುದು, ಕಹಿ ಟ್ರೈಟರ್ಪೀನ್ ಎಂಬ ಇನ್ನೊಂದು ಅಂಶದ್ದು ಎಂದು ಓದಿ ಹೇಳಿದವನು ನಾನೇ. ಮನುಷ್ಯರ ಮೇಲೆ ನಡೆದ ಪರೀಕ್ಷೆ ಕಡಿಮೆ ಎಂದೂ ಹೇಳಿದ್ದೆ, ಮೆಲ್ಲಗೆ.

ಆ ಕಷಾಯ ಕೊಳ್ಳಲು ಶೀಳನೆರೆಯಂಥ ಸುತ್ತಲಿನ ಊರುಗಳಿಂದೆಲ್ಲ ಜನ ಬರತೊಡಗಿದರು. ಬಂದ ಪ್ರತಿಯೊಬ್ಬರ ಎದುರಿಗೂ ಮೊದಲ ಲೋಟ ಅವನೇ ಕುಡಿಯುತ್ತಿದ್ದ.

ಕಳೆದ ವರ್ಷ ಅವನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ರಕ್ತ ಹೆಪ್ಪುಗಟ್ಟದಿರಲು ಮಾತ್ರೆ ಕೊಟ್ಟರು. ರೇಷಿಯೂ ಹೆಪ್ಪುಗಟ್ಟುವುದನ್ನು ತಡೆಯಬಹುದು, ಎರಡೂ ಸೇರಿದರೆ ರಕ್ತಸ್ರಾವವಾದೀತು ಎಂದು ಓದಿದ ದಿನವೇ ಅವನ ಅಂಗಡಿಗೆ ಓಡಿದೆ.

"ಕುಡಿಯೋದು ಬುಟ್ಬುಡ್ಲಾ."

"ನಾನೇ ಕುಡೀದಿದ್ದನ್ನ ಅವ್ರಿಗೆಂಗ್ಲಾ ಕೊಡ್ಲಿ?"

"ಅಂಗಾರೆ ಮಾರೋದೂ ಬುಡು. ಡಾಕ್ಟ್ರಿಗಾದ್ರೂ ಹೇಳು."

"ಸ್ಟೆಂಟು ಅಂತ ಊರಿಗೆ ಗೊತ್ತಾದ್ರೆ, ಐದು ವರ್ಷ ಕುಡ್ದು ಏನ್ಲಾ ಕಿಸ್ದೆ ಅಂತಾರೆ. ಧರ್ಮಸ್ಥಳಕ್ಕೋಗಿದ್ದೆ ಅಂದಿವ್ನಿ. ಪ್ರಸಾದ ಎಲ್ಲಿ ಅಂತ ಬೇರೆ ಕೇಳ್ತಾವ್ರೆ. ಬಾಯ್ಬುಟ್ಟೀಯ ಮೇಷ್ಟ್ರೇ, ನನ್ನಾಣೆ."

ನಾನು ಬಾಯಿ ಬಿಡಲಿಲ್ಲ. ಅವನ ತೋಳಿನಲ್ಲಿ ಚರ್ಮದಡಿ ರಕ್ತ ಒಸರಿ ನೀಲಿ ಕಲೆಗಳೆದ್ದವು. ತುಂಬುತೋಳಿನ ಅಂಗಿ ಹೊಲಿಸಿಕೊಂಡ. ಯಾರಾದರೂ ಕೇಳಿದರೆ ಹಲಗೆ ತಗುಲಿತು ಎನ್ನುತ್ತಿದ್ದ.

ಕೊನೆಗೆ ಬಂದವರು ಶೀಳನೆರೆಯ ಪುಟ್ಟತಾಯಮ್ಮ. ಆವತ್ತು ನಾನೂ ಅಂಗಡಿಯಲ್ಲಿದ್ದೆ. "ಮೊದ್ಲು ನೀವು ಕುಡೀರಿ ಆಚಾರ್ರೇ. ನಿಮ್ಮ ಮೊಕ ನೋಡ್ಕಂಡೇ ನಾನು ನುಂಗೋದು" ಎಂದು ನಕ್ಕರು. ಲೋಟ ಹಿಡಿದುಕೊಂಡು ಮೋಹನ ನನ್ನತ್ತ ನೋಡಿದ. ಬೇಡ ಎಂದು ನಾನು ಅನ್ನಲಿ ಎಂದು ಕಾದನೋ, ಅನ್ನಬೇಡ ಎಂದು ಬೇಡಿದನೋ, ಇವತ್ತಿಗೂ ನನಗೆ ತಿಳಿಯದು. ನಾನು ಬೀದಿಯ ಕಡೆ ಮುಖ ತಿರುಗಿಸಿದೆ. ಅವನು ಕುಡಿದ.

ನಾಲ್ಕನೆಯ ದಿನ ಮೆದುಳಿನಲ್ಲಿ ರಕ್ತಸ್ರಾವವಾಯಿತು. ಮೈಸೂರಿನ ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರು, ಮಾತ್ರೆ ಬಿಟ್ಟು ಇನ್ನೇನು ತೆಗೆದುಕೊಳ್ಳುತ್ತಿದ್ದರು ಎಂದು ಕೇಳಿದರು.

"ಏನೂ ಇಲ್ಲ ಕಣಪ್ಪ" ಎಂದಳು ಅವನ ಹೆಂಡತಿ ವೀಣ.

ನಾನು ಅಣಬೆಯ ಹೆಸರು ಹೇಳಿದೆ. ದಿನಕ್ಕೆಷ್ಟು ಲೋಟ ಎಂದೂ ಹೇಳಿದೆ. ಅವರು ಬರೆದುಕೊಂಡರು.

"ಇದರಿಂದಲೇ ಆಯ್ತು ಅಂತ ಹೇಳಕ್ಕಾಗಲ್ಲ. ಆದರೆ ಎರಡೂ ಒಟ್ಟಿಗೆ ಬೇಡ ಅಂತ ಇವರಿಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು" ಎಂದೆ. "ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು."