ಚಿಕ್ಕಮ್ಮನ ಹೇರ್‌ಪಿನ್ನೂ ದೇಶದ ಸಂವಿಧಾನವೂ

ನಮ್ಮ ಚಿಕ್ಕಮ್ಮ ಸಂವಿಧಾನ ರಚನಾ ಸಮಿತಿಯಲ್ಲಿ ಟೈಪಿಸ್ಟ್ ಆಗಿದ್ದಳು. ದೇಶ ಹೊಸದು, ಟೈಪ್‌ರೈಟರ್ ಮಾತ್ರ ಹಳೆಯದು. ದೇಶಕ್ಕೆ ದಾರಿ ತೋರಿಸಿದ ಚಿಂತಕರೊಬ್ಬರು ಒಂದೇ ಒಂದು ಪುಸ್ತಕ ಬರೆದಿಟ್ಟು ತೀರಿಕೊಂಡಿದ್ದರು. ಸಮಿತಿಯ ಹನ್ನೊಂದೂ ಜನ ಮಾತಿಗೊಮ್ಮೆ ಅವರನ್ನು ನೆನೆಯುತ್ತಿದ್ದರು. ಕರಡಿನಲ್ಲಿ ಮಾತ್ರ ‘ಇಲ್ಲಿ ಚಿಂತಕರ ಮಾತು ಬರಲಿ’ ಎಂದು ಗೀಚಿ, ನಾಲ್ಕು ಸಾಲು ಜಾಗ ಬಿಟ್ಟು, ಕಾಫಿಗೆ ಎದ್ದುಹೋಗುತ್ತಿದ್ದರು.

ಆ ಜಾಗ ತುಂಬುವ ಕೆಲಸವನ್ನು ಚಿಕ್ಕಮ್ಮನ ತಲೆಗೆ ಕಟ್ಟಿದರು. ಕಪಾಟಿನಿಂದ ಪುಸ್ತಕ ತೆಗೆದು ನೋಡಿದರೆ, ಆ ಕಾಲದಲ್ಲಿ ಓದುವವರೇ ಕತ್ತರಿಸಿಕೊಳ್ಳಬೇಕಿದ್ದ ಹಾಳೆಗಳ ಮಡಿಕೆಯನ್ನೇ ಯಾರೂ ಕತ್ತರಿಸಿರಲಿಲ್ಲ. ಓದುವುದಿರಲಿ, ಪುಟ ಬಿಡಿಸಲೂ ಆಗುತ್ತಿರಲಿಲ್ಲ. ಅವಳು ತುರುಬಿನ ಹೇರ್‌ಪಿನ್ ಕಿತ್ತು, ಬೇಕಾದ ಹಾಳೆಗಳ ಮಡಿಕೆಯನ್ನಷ್ಟೇ ಸೀಳಿ, ಸಮಾನತೆಯನ್ನೂ ವಾಕ್ ಸ್ವಾತಂತ್ರ್ಯವನ್ನೂ ಟೈಪ್ ಮಾಡಿದಳು. ಸದಸ್ಯರು ಅದನ್ನೂ ಓದದೆ ಸಹಿ ಹಾಕಿದರು. ದೇಶದ ಪುಣ್ಯ.

ಮೊನ್ನೆ ಸಂವಿಧಾನಕ್ಕೆ ಐವತ್ತು ತುಂಬಿದ ಸಮಾರಂಭ. ಸದಸ್ಯರು ಆ ಪುಸ್ತಕವನ್ನು ಅರೆದು ಕುಡಿದಿದ್ದರು ಎಂದು ಪ್ರಾಧ್ಯಾಪಕರೊಬ್ಬರು ಒಂದು ಗಂಟೆ ಕೊರೆದರು. ವೇದಿಕೆಯ ಮೇಲೆ ಇಪ್ಪತ್ತಾರು ವರ್ಷದಿಂದ ಅಧಿಕಾರ ಬಿಡದ ದೇಶದ ಅಧ್ಯಕ್ಷರು ತಲೆದೂಗುತ್ತಿದ್ದರು. ಆಮೇಲೆ ನಾನೂ ಚಿಕ್ಕಮ್ಮನೂ ಗಾಜಿನ ಪೆಟ್ಟಿಗೆಯಲ್ಲಿ ಅದೇ ಪುಸ್ತಕವನ್ನು ನೋಡಿದೆವು. ಕೊನೆಯ ಅಧ್ಯಾಯದ ಹಾಳೆಗಳನ್ನು ಇನ್ನೂ ಯಾರೂ ಕತ್ತರಿಸಿರಲಿಲ್ಲ.

‘ಅದ್ರಲ್ಲಿ ಏನಿದೆ ಚಿಕ್ಕಮ್ಮ?’ ಎಂದೆ.

‘ಆಳೋರು ಯಾವಾಗ ಕುರ್ಚಿ ಬಿಟ್ಟು ಇಳೀಬೇಕು ಅಂತ. ಪರಿವಿಡೀಲಿ ನೋಡಿದ್ದೆ.’

‘ಮತ್ತೆ ನೀನು ಯಾಕೆ ಟೈಪ್ ಮಾಡ್ಲಿಲ್ಲ?’

‘ಅದಕ್ಕೆ ಯಾರೂ ಜಾಗಾನೇ ಬಿಟ್ಟಿರ್ಲಿಲ್ಲ ಕಣೋ.’